ಚೌಕಿಯ ಮರೆ ಮತ್ತು ಕ್ಯಾಮೆರಾ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಸೀಮೆಯ ಯಕ್ಷಗಾನ ಬಯಲಾಟದಲ್ಲಿ ರಂಗಸ್ಥಳ ಊರಿಗೆಲ್ಲ ತೆರೆದಿದ್ದರೆ, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಮರೆಯಾದ ಚೌಕಿ ಮೇಳದವರಿಗೂ ಪೂಜೆಗೆ ಬರುವ ಸೇವಾಕರ್ತರಿಗೂ ಸೇರಿದ್ದು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯಂಥ ಹರಕೆ ಮೇಳಗಳಲ್ಲಿ ಗಣಪತಿಗೆ ಪೂಜೆ ಸಲ್ಲುವುದು ಇಲ್ಲಿಯೇ ಆದ್ದರಿಂದ, ಈ ಮರೆಗೆ ಸಂಕೋಚದ ಜೊತೆಗೆ ಭಕ್ತಿಯ ಕಾರಣವೂ ಉಂಟು.

ಬಾಸೆಲ್ ಮಿಷನ್ನಿನವರು ಕರಾವಳಿಯ ಜನಜೀವನವನ್ನು ಚಿತ್ರಗಳಲ್ಲಿ ದಾಖಲಿಸುತ್ತಿದ್ದ 19ನೇ ಶತಮಾನದಲ್ಲಿ, ಮೂರು ಕಾಲಿನ ಮೇಲೆ ನಿಲ್ಲಿಸಿ ಗಾಜಿನ ಫಲಕದ ಮೇಲೆ ಚಿತ್ರ ಮೂಡಿಸುವ ಯಂತ್ರದೆದುರು ಅಲುಗಾಡದೆ ನಿಲ್ಲಬೇಕಾಗಿತ್ತು. ಆದ್ದರಿಂದ ಚಿತ್ರಕ್ಕೆ ಒಳಗಾಗುವವರ ಒಪ್ಪಿಗೆ ಛಾಯಾಗ್ರಾಹಕನ ಸೌಜನ್ಯಕ್ಕಿಂತ ಯಂತ್ರದ ಮಿತಿಯಿಂದಲೇ ಒದಗುತ್ತಿತ್ತೆನ್ನಬೇಕು. ಮುಂದೆ ರೀಲಿನ ಕ್ಯಾಮೆರಾ ಬಂದ ಮೇಲೂ ಅದನ್ನು ಕಣ್ಣಿಗೆ ಎತ್ತಬೇಕಿತ್ತು, ಫ್ಲಾಶ್ ಮಿಂಚಬೇಕಿತ್ತು. ಮುಂಡಾಸಿಗೆ ಜರಿಪಟ್ಟಿ ಸುತ್ತುತ್ತಿರುವ ವೇಷಧಾರಿಗೆ ಅಥವಾ ಸೀರೆ ಅರ್ಧ ಉಟ್ಟಿರುವ ಸ್ತ್ರೀವೇಷಧಾರಿಗೆ "ಬ್ಯಾಡ ಮಾರಾಯ್ರೆ" ಎಂದು ಕೈ ಅಡ್ಡ ಹಿಡಿಯುವಷ್ಟು ಸಮಯ ಸಿಗುತ್ತಿತ್ತು.

ಮೊಬೈಲ್ ಈ ಅವಕಾಶವನ್ನು ಕುಗ್ಗಿಸಿತು. ಚಿತ್ರೀಕರಣದ ಪ್ರಶ್ನೆ ಚೌಕಿಯಾಚೆಗೂ ಇತ್ತು: 2022ರ ‘ಕಾಂತಾರ’ ಚಿತ್ರದ ಬಳಿಕ ದೈವಾರಾಧನೆಯನ್ನು ಎಷ್ಟು ಚಿತ್ರೀಕರಿಸಬಹುದೆಂಬ ಚರ್ಚೆ ಎದ್ದಿತು. 2023ರ ಜುಲೈನಲ್ಲಿ ಮುಜರಾಯಿ ಇಲಾಖೆ ದೇವಾಲಯಗಳೊಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿತು. 2025ರ ಮೇ ತಿಂಗಳಲ್ಲಿ ಭಾರತದ ಮಾರುಕಟ್ಟೆಗೆ ಬಂದ ರೇ-ಬ್ಯಾನ್ ಮೆಟಾ ಕನ್ನಡಕದಲ್ಲಾದರೋ ಕ್ಯಾಮೆರಾ ಚೌಕಟ್ಟಿನಲ್ಲೇ ಅಡಗಿದ್ದು, ಚಿತ್ರೀಕರಣವನ್ನು ಸೂಚಿಸುವ ಪುಟ್ಟ ದೀಪ ಚೌಕಿಯ ಬಲ್ಬುಗಳ ಬೆಳಕಿನಲ್ಲಿ ಎಷ್ಟು ಜನರ ಗಮನಕ್ಕೆ ಬಂದೀತು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ತೀರ್ಪಿತ್ತ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತಾದರೂ, ಇಂಥ ಚಿತ್ರೀಕರಣಕ್ಕೆ ಶಿಕ್ಷೆ ವಿಧಿಸುವ ಕಲಮುಗಳ ವ್ಯಾಪ್ತಿ ಕಿರಿದು. ಕದ್ದುನೋಟವನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಮಹಿಳೆಯರಿಗಷ್ಟೇ ರಕ್ಷಣೆ ಕೊಡುವುದರಿಂದ ಪುರುಷ ಸ್ತ್ರೀವೇಷಧಾರಿ ಅದರ ಹೊರಗುಳಿಯುತ್ತಾನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಎಲ್ಲರಿಗೂ ಅನ್ವಯಿಸುವುದಾದರೂ ಗುಪ್ತಾಂಗಗಳ ಚಿತ್ರಕ್ಕೆ ಸೀಮಿತವಾಗಿದೆ. ಅರ್ಧ ಬಣ್ಣ ಹಚ್ಚಿದ ಮುಖ ಎರಡರಲ್ಲೂ ಬರುವುದಿಲ್ಲವಾದ್ದರಿಂದ, ಚೌಕಿಯ ಬಾಗಿಲಲ್ಲಿ ಕನ್ನಡಕವನ್ನು ವಿಚಾರಿಸುವ ಹೊಣೆ ಸದ್ಯಕ್ಕೆ ಮೇಳದ ಯಜಮಾನರದೇ.