ಮಳೆಗಾಲದ ಲಾರಿ ಸಾಗಾಟ: ಅನಿಶ್ಚಿತತೆಯಲ್ಲಿ ನಿರ್ಧಾರದ ಸಾಧನಗಳು

ಸಾರಿಗೆ ಉದ್ಯಮದಲ್ಲಿ ಡೀಸೆಲ್ ದರ, ಬಾಡಿಗೆ, ರಸ್ತೆಯ ಸ್ಥಿತಿ ಯಾವುದೂ ಮೊದಲೇ ಖಚಿತವಿರುವುದಿಲ್ಲ. ಇರುವ ಮಾಹಿತಿಯನ್ನು ಲೆಕ್ಕಕ್ಕೆ ತಂದು ಆಯ್ಕೆಗಳನ್ನು ಹೋಲಿಸಲು ನೆರವಾಗುವ ವಿಧಾನಗಳಿಗೆ ನಿರ್ಧಾರ ಬೆಂಬಲ ಸಾಧನಗಳು ಎಂದು ಹೆಸರು. ದೊಡ್ಡ ಕಂಪನಿಗಳು ಇದಕ್ಕೆ ಸಾಫ್ಟ್‌ವೇರ್ ಬಳಸುತ್ತವೆ. ನಾಲ್ಕೈದು ಲಾರಿಗಳ ಮಾಲೀಕರಿಗೆ ಒಂದು ಹಾಳೆ ಸಾಕು.

ಮಂಗಳೂರು–ಬೆಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿಯ ಮೂಲಕ ಹಾದುಹೋಗುತ್ತದೆ. 2018ರ ಆಗಸ್ಟ್ ಮತ್ತು 2024ರ ಜುಲೈನಲ್ಲಿ ಭೂಕುಸಿತದಿಂದ ಇಲ್ಲಿ ಸಂಚಾರ ನಿಂತಿತ್ತು. ಮಳೆಗಾಲದಲ್ಲಿ ಘಾಟಿಯಲ್ಲೇ ಹೋಗಬೇಕೇ, ಬಳಸು ದಾರಿ ಹಿಡಿಯಬೇಕೇ?

ಉದಾಹರಣೆಗೆ, ಘಾಟಿಯ ಮೂಲಕ ಒಂದು ಟ್ರಿಪ್‌ಗೆ ₹30,000, ಬಳಸು ದಾರಿಯಲ್ಲಿ ₹35,000 ವೆಚ್ಚವೆಂದು ಇಟ್ಟುಕೊಳ್ಳೋಣ. ಘಾಟಿ ಮುಚ್ಚಿ ಲಾರಿ ಹಿಂತಿರುಗಬೇಕಾದರೆ ಇನ್ನೂ ₹15,000 ನಷ್ಟ. ಉಳಿತಾಯ ₹5,000, ಅಪಾಯ ₹15,000. ಅಂದರೆ ರಸ್ತೆ ಮುಚ್ಚುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಎನಿಸಿದರೆ ಬಳಸು ದಾರಿಯೇ ಲಾಭಕರ. ನಾಳೆ ಏನಾಗುತ್ತದೆ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ಎಷ್ಟು ಸಂದೇಹವಿದ್ದಾಗ ನಿರ್ಧಾರ ಬದಲಾಗಬೇಕು ಎಂಬುದನ್ನು ಹೇಳುತ್ತದೆ. ಇ-ವೇ ಬಿಲ್ ಅವಧಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನ. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ನಂತರದೊಳಗೆ ವಿಸ್ತರಿಸಿಕೊಳ್ಳಬಹುದು.

ಜೈನ ಚಿಂತನೆಗೆ ಈ ವಿಚಾರ ಹೊಸದಲ್ಲ. ಸ್ಯಾದ್ವಾದದ ‘ಸ್ಯಾತ್’ ಎಂದರೆ ‘ಬಹುಶಃ’ ಎಂಬ ಅನುಮಾನವಲ್ಲ, ‘ಒಂದು ಅಪೇಕ್ಷೆಯಿಂದ’ ಎಂದು. ಯಾವ ಷರತ್ತಿನಲ್ಲಿ ಮಾತು ನಿಜ ಎಂಬುದನ್ನು ಅದು ಕೇಳುತ್ತದೆ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯ ಕುರಿತ ಲೇಖನದಲ್ಲಿ ಸ್ಯಾದ್ವಾದವನ್ನು ಚರ್ಚಿಸಿದರು. 1957ರಲ್ಲಿ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ‘ಸಾಂಖ್ಯ’ ಪತ್ರಿಕೆಯಲ್ಲಿ ಇದೇ ವಿಷಯವಾಗಿ ಬರೆದರು.

ಹಾಳೆಯ ಲೆಕ್ಕಕ್ಕೆ ಒಂದು ಮಿತಿಯೂ ಉಂಟು. ಬಳಸು ದಾರಿಯ ₹5,000 ಹೆಚ್ಚುವರಿ ವೆಚ್ಚವನ್ನು ಅಧಿಕ ಸರಕು ಹೇರಿ ಸರಿದೂಗಿಸುವ ಮನಸ್ಸಾಗಬಹುದು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಹೇಳಿದೆ. ಅಲ್ಲಿ ಹೇಳಿದ್ದು ಜೀವಿಗಳ ಮೇಲೆ ಮಿತಿಮೀರಿ ಹೊರೆ ಹೇರುವುದನ್ನು. ಇಂದು ಘಾಟಿಯ ಇಳಿಜಾರಿನಲ್ಲಿ ಆ ಹೊರೆಯ ಅಪಾಯ ಚಾಲಕನದು, ಎದುರು ಬರುವವರದು. ಮೋಟಾರು ವಾಹನ ಕಾಯ್ದೆಯ ಪ್ರಕಾರವೂ ಅಧಿಕ ಭಾರ ದಂಡನೀಯ. ಆದ್ದರಿಂದ ಅಧಿಕ ಭಾರ, ನಿದ್ದೆಗೆಟ್ಟ ಚಾಲನೆ ಇವುಗಳನ್ನು ಆಯ್ಕೆಗಳ ಪಟ್ಟಿಯಿಂದ ಮೊದಲೇ ತೆಗೆದುಹಾಕಿ, ಉಳಿದವನ್ನಷ್ಟೇ ಲೆಕ್ಕಕ್ಕೆ ಒಡ್ಡುವುದು ಶ್ರಾವಕ ವ್ಯಾಪಾರಿಗೆ ಉಚಿತವಾದ ಕ್ರಮ.