ಹಸಿರು ನೀರಿಗೆ ಹೆದರಿದವನ ಇತಿಹಾಸ ಪಾಠ

ದಾಂಡೇಲಿಯ ನಮ್ಮ ಮನೆಯಲ್ಲಿ ಪೂರ್ವದ ಕಿಟಕಿಯ ಪಕ್ಕ ಎರಡಡಿ ಉದ್ದದ ಗಾಜಿನ ತೊಟ್ಟಿ ಇಟ್ಟವನು ನಾನೇ. ವರ್ಕ್ ಫ್ರಮ್ ಹೋಮ್ ಸಿಕ್ಕ ವರ್ಷ. ಲ್ಯಾಪ್‌ಟಾಪ್‌ನಿಂದ ಕಣ್ಣು ತೆಗೆದಾಗ ನೋಡೋಕೆ ಏನಾದರೂ ಇರಲಿ ಅಂತ ನಾಲ್ಕು ಗೋಲ್ಡ್‌ಫಿಶ್ ತಂದೆ. ಮೂರನೇ ವಾರಕ್ಕೆ ನೀರು ಹೆಸರುಕಾಳು ನೆನೆಸಿಟ್ಟಂತೆ ಕಂಡಿತು. ನಾಲ್ಕನೇ ವಾರಕ್ಕೆ ಮೀನು ಗಾಜಿಗೆ ಮೂತಿ ತಾಗಿಸಿದರೆ ಮಾತ್ರ ಮೀನಿದೆ ಅಂತ ಗೊತ್ತಾಗುತ್ತಿತ್ತು. ನದಿಯ ಹೆಸರು ಕಾಳಿ, ಮನೆಯ ನೀರು ಹಸಿರು ಅಂತ ತಂಗಿ ನಕ್ಕಳು.

ನೀರೆಲ್ಲ ಚೆಲ್ಲಿ ನಲ್ಲಿ ನೀರು ತುಂಬಿದೆ. ಎರಡು ದಿನ ಫಳಫಳ, ಐದನೇ ದಿನ ಮತ್ತೆ ಹಸಿರು. ಮತ್ತೆ ಚೆಲ್ಲಿದೆ. ಮೂರನೇ ಸಲ ಹೀಗೆ ಮಾಡಿದ ಮರುದಿನ ಬೆಳಿಗ್ಗೆ ಎರಡು ಮೀನು ಮಗುಚಿ ತೇಲುತ್ತಿದ್ದವು. ನಲ್ಲಿ ನೀರಿನ ಕ್ಲೋರಿನ್ ಕಳೆಯಬೇಕು, ಎಲ್ಲ ನೀರನ್ನೂ ಒಮ್ಮೆಗೇ ಬದಲಿಸಬಾರದು ಅನ್ನೋದು ಆಮೇಲೆ ತಿಳಿಯಿತು. ಅಂದರೆ ಕೊಂದಿದ್ದು ಪಾಚಿಯಲ್ಲ, ನಾನು.

ಮುಂಡಗೋಡದ ಕಾಕಾಗೆ ಫೋನ್ ಮಾಡಿದೆ. ಅವರು ಹೊಲದ ಹೊಂಡದಲ್ಲಿ ಕಾಟ್ಲಾ, ರೋಹು ಸಾಕುತ್ತಾರೆ. ನನ್ನ ಗೋಳು ಕೇಳಿ ಅವರಿಗೆ ನಗು. "ಹಸರ ನೀರಿಗೆ ಯಾಕ ಹೆದರತೀಯೋ ತಮ್ಮಾ? ನಾವು ರೊಕ್ಕಾ ಖರ್ಚು ಮಾಡಿ ಹಸರ ಮಾಡಸ್ತೀವಿ!"

ಮಾತು ನಿಜ. ಕೆರೆ, ಹೊಂಡದಲ್ಲಿ ಮೀನು ಸಾಕುವವರು ಸಗಣಿ, ಸೂಪರ್ ಫಾಸ್ಫೇಟ್ ಹಾಕಿ ನೀರನ್ನು ಬೇಕಂತಲೇ ಹಸಿರು ಮಾಡುತ್ತಾರೆ. ಸಾರಜನಕ, ರಂಜಕ ಸಿಕ್ಕರೆ ಕಣ್ಣಿಗೆ ಕಾಣದ ಏಕಕೋಶದ ಪಾಚಿ ಬೆಳೆಯುತ್ತದೆ, ಪಾಚಿ ತಿಂದು ಸಣ್ಣ ಜೀವಿಗಳು, ಅವನ್ನು ತಿಂದು ಮೀನು. ಅಳೆಯೋಕೆ ಯಂತ್ರ ಬೇಕಿಲ್ಲ. ಮೊಣಕೈ ಮಟ್ಟ ಕೈ ಇಳಿಸಬೇಕು. ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು, ಕಾಣದೇ ಹೋದರೆ ಹೆಚ್ಚಾಯ್ತು. ಕಾಕಾ ಸಗಣಿ ಹಾಕಿ ಮಾಡುವುದನ್ನು ನಾನು ದಿನಕ್ಕೆ ಮೂರು ಹೊತ್ತು ಫಿಶ್‌ಫುಡ್ ಸುರಿದು ಮಾಡಿದ್ದೆ. ಜೊತೆಗೆ ಬೆಳಗಿನ ಬಿಸಿಲು ಫ್ರೀ.

ಆದರೆ ಒಬ್ಬರಿಗೆ ಬೆಳೆಯಾದದ್ದು ಇನ್ನೊಬ್ಬರಿಗೆ ರೋಗವಾದದ್ದು ಯಾವಾಗ? ಅದನ್ನು ಹುಡುಕುತ್ತಾ ಹೋದೆ.

1778ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯ ಗಾಜಿನ ಪಾತ್ರೆಗಳಿಗೂ ನನ್ನ ತೊಟ್ಟಿಯ ಗತಿಯೇ ಆಗಿತ್ತು. ಪ್ರಯೋಗಕ್ಕೆ ಇಟ್ಟ ನೀರಲ್ಲಿ ಹಸಿರು ಕಟ್ಟಿತು. ಆತ ಚೆಲ್ಲಲಿಲ್ಲ, ನೋಡಿದ. ಬಿಸಿಲಿಗಿಟ್ಟಾಗ ಆ ಹಸಿರಿನಿಂದ ಗುಳ್ಳೆ ಏಳುತ್ತಿತ್ತು, ಆ ಗಾಳಿಯಲ್ಲಿ ದೀಪ ಜೋರಾಗಿ ಉರಿಯುತ್ತಿತ್ತು. ಅದು ಆಮ್ಲಜನಕ. ಅದು ಸಸ್ಯ ಅನ್ನೋದನ್ನೇ ಪುಣ್ಯಾತ್ಮ ಮೊದಲು ಒಪ್ಪಲಿಲ್ಲ. ಮರುವರ್ಷ ಯಾನ್ ಇಂಗೆನ್‌ಹೌಸ್ ಕಥೆಯ ಉಳಿದರ್ಧ ಹೇಳಿದ: ಬೇಕಾದ್ದು ಬಿಸಿಲಿನ ಶಾಖವಲ್ಲ, ಬೆಳಕು. ಕತ್ತಲಲ್ಲಿ ಇದೇ ಹಸಿರು ಗಾಳಿಯನ್ನು ಕೆಡಿಸುತ್ತದೆ. ಕಾಕಾ ಇವರ ಹೆಸರು ಕೇಳಿದವರಲ್ಲ. ಆದರೆ ನೀರು ವಿಪರೀತ ಹಸಿರಾದಾಗ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ ಅಂತ ಅವರಿಗೆ ಗೊತ್ತು. ರಾತ್ರಿಯಿಡೀ ಪಾಚಿಯೂ ಮೀನಿನ ಜೊತೆ ಉಸಿರಾಡಿ ಆಮ್ಲಜನಕ ಮುಗಿಸಿರುತ್ತದೆ.

ಮನೆಯೊಳಗೆ ಮೀನು ಬಂದಿದ್ದು ಗಾಜು ಅಗ್ಗವಾದ ಮೇಲೆ. ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು 1845ರಲ್ಲಿ ತೆಗೆಯಿತು. ಮುಂದಿನ ವರ್ಷಗಳಲ್ಲಿ ಲಂಡನ್ನಿನ ಆನಾ ಥಿನ್ ಎಂಬಾಕೆ ಹವಳದ ಜೀವಿಗಳನ್ನು ಮನೆಯಲ್ಲೇ ಸಾಕಿದಳು. ನೀರಿಗೆ ಗಾಳಿ ಸೇರಿಸಲು ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಲೇ ಇರಬೇಕಿತ್ತು. (ಇತಿಹಾಸದ ಮೊದಲ ಏರ್ ಪಂಪ್ ಒಬ್ಬ ಹೆಂಗಸಿನ ರಟ್ಟೆ ಅಂದರೆ ತಪ್ಪಾಗಲಾರದು.) 1849ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಒಂದು ವ್ಯಾಲಿಸ್ನೇರಿಯಾ ಗಿಡ ಇಟ್ಟ. ಗಮನಿಸಿ, ಎರಡೇ ಮೀನು! ಎಲೆ ಕೊಳೆತು ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಹತ್ತಿತು. ಆತ ಕೊಳದ ಬಸವನಹುಳು ತಂದು ಬಿಟ್ಟ. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದು ಹಾಕಿದವು, ನೀರು ತಿಳಿಯಾಯಿತು. 1850ರಲ್ಲಿ ಅದನ್ನು ಬರೆದು ಮಂಡಿಸಿದ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಮೀನಿನ ಮನೆ ತೆರೆಯಿತು, ಮರುವರ್ಷ ಫಿಲಿಪ್ ಗಾಸ್‌ನ ಪುಸ್ತಕ 'ಅಕ್ವೇರಿಯಂ' ಎಂಬ ಪದವನ್ನು ಮನೆಮಾತು ಮಾಡಿತು. ಒಂದು ಎಚ್ಚರಿಕೆ: ಬಸವನಹುಳು ಗಾಜಿಗಂಟಿದ ಪಾಚಿ ತಿನ್ನುತ್ತದೆ, ನೀರಲ್ಲಿ ತೇಲುವುದನ್ನಲ್ಲ. ಇದು ತಿಳಿಯದೆ ನಾನೂ ಆರು ತಂದಿದ್ದೆ.

ನಮ್ಮಲ್ಲಿ ಮೀನಿನ ಮೋಹ ಇನ್ನೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1129ರ ಹೊತ್ತಿಗೆ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ಎರೆ, ದಾರ ಹೇಗಿರಬೇಕು ಎಲ್ಲ ಉಂಟು. ನಮ್ಮ ಪಕ್ಕದ ಬನವಾಸಿ ನಾಡೂ ಆಗ ಚಾಲುಕ್ಯರ ಅಧೀನದಲ್ಲೇ ಇತ್ತು. ಆದರೆ ರಾಜ ಮೀನು ನೋಡುತ್ತಿದ್ದುದು ದಡದಿಂದ, ಮೇಲಿನಿಂದ. ಕೆರೆ ಹಸಿರಾಗಿದ್ದರೆ ಯಾರಿಗೂ ಬೇಜಾರಿಲ್ಲ. ನೀರು ಆರ್‌ಪಾರ್ ಕಾಣಬೇಕು ಅನ್ನೋ ಹಟ ಗಾಜಿನ ಜೊತೆ ಬಂದದ್ದು ಅಂತ ನನ್ನ ಅನುಮಾನ.

ಕುಡಿಯೋ ನೀರಿನ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರಿಗೂ ಆ ಹಟ ಇತ್ತು. ಚಿಲ್ಲದ ಬೀಜ ಅಂದರೆ ಸಂಸ್ಕೃತದ ಕತಕ. ಅದನ್ನು ಕೊಡದ ಒಳಮೈಗೆ ಉಜ್ಜಿದರೆ ಮಳೆಗಾಲದ ಕೆಂಪು ನೀರಿನ ಮಣ್ಣು ತಳಕ್ಕೆ ಕೂರುತ್ತದೆ. ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಅಂತ ಮನುಸ್ಮೃತಿ ಕೂಡ ಇದನ್ನೇ ಉದಾಹರಣೆಗೆ ಎತ್ತಿಕೊಳ್ಳುತ್ತದೆ. ನಮ್ಮ ಅಜ್ಜಿ ಬಳಸುತ್ತಿದ್ದದ್ದು ತುರಟಿ, ಅಂದರೆ ಪಟಿಕ. ತೊಟ್ಟಿಗೂ ಅದನ್ನೇ ಹಾಕಲಾ ಅಂತ ಯೋಚಿಸಿ ಬಿಟ್ಟೆ. ಪಾಚಿ ತಳಕ್ಕೆ ಹೋಗಬಹುದು, ಆದರೆ ನೀರಿನ ಆಮ್ಲೀಯತೆ ಏರಿ ಉಳಿದೆರಡು ಮೀನಿಗೂ ಸಂಚಕಾರ. ಬೆಳಕು, ಗೊಬ್ಬರ ಹಾಗೇ ಇದ್ದರೆ ವಾರದಲ್ಲಿ ಹಸಿರು ವಾಪಸ್.

ಕೊನೆಗೆ ಮಾಡಿದ್ದು ಇಂಗೆನ್‌ಹೌಸ್ ಹೇಳಿದ್ದನ್ನೇ, ಉಲ್ಟಾ. ತೊಟ್ಟಿಗೆ ಹಳೇ ಕಂಬಳಿ ಸುತ್ತಿ ನಾಲ್ಕು ದಿನ ಕತ್ತಲೆ. ಆಹಾರ ಬಂದ್. ಏರ್ ಪಂಪ್ ಮಾತ್ರ ಹಗಲು ರಾತ್ರಿ ಚಾಲೂ, ಯಾಕೆಂದರೆ ಸಾಯುವ ಪಾಚಿ ಕೊಳೆಯುವಾಗ ಆಮ್ಲಜನಕ ನುಂಗುತ್ತದೆ. ಐದನೇ ದಿನ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಕಳೆದ ನೀರು ತುಂಬಿದೆ. ಫಿಲ್ಟರ್‌ನ ಸ್ಪಂಜನ್ನು ತೊಟ್ಟಿಯ ನೀರಲ್ಲೇ ಹಿಂಡಿದೆ, ಅದರಲ್ಲಿರೋ ಬ್ಯಾಕ್ಟೀರಿಯಾ ಉಳಿಯಲಿ ಅಂತ. ತೊಟ್ಟಿ ಕಿಟಕಿಯಿಂದ ಒಳಗೋಡೆಗೆ ಬಂತು, ದೀಪ ದಿನಕ್ಕೆ ಆರು ತಾಸು, ಊಟ ಒಂದು ಹೊತ್ತು. ಬೇಗ ಬೆಳೆಯುವ ಗಿಡ ಹಾಕಿದ್ದು ಪಾಚಿಯ ಪಾಲಿನ ಗೊಬ್ಬರವನ್ನು ಅವು ತಿನ್ನಲಿ ಅಂತ. ಯುವಿ ದೀಪ ಇಟ್ಟರೂ ತೇಲುವ ಪಾಚಿ ಸಾಯುತ್ತದಂತೆ. ನನಗೆ ಅದರ ಖರ್ಚು ಬೇಡವಾಗಿತ್ತು.

ದೀಪಾವಳಿಗೆ ಬಂದ ಕಾಕಾ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಹೊಗಳುತ್ತಾರೆ ಅಂದುಕೊಂಡೆ. ಅಂಗಿ ತೋಳು ಮಡಚಿ, ಮೊಣಕೈ ಮಟ್ಟ ಕೈ ಅದ್ದಿ, ಬೆರಳು ಆಡಿಸಿ ನೋಡಿದರು. ಮೀನೆರಡೂ ಹೆದರಿ ಮೂಲೆ ಸೇರಿದವು.

"ಕೈಯ್ಯಾಗಿನ ಗೆರಿ ಸೈತ ಕಾಣಾಕತ್ತಾವಲ್ಲೋ," ಅಂದರು ಕಾಕಾ, ಮೀನಿನ ಕಡೆ ಕನಿಕರದಿಂದ ನೋಡುತ್ತಾ. "ಪಾಪ, ಇವಕ್ಕ ತಿನ್ನಾಕ ಏನರ ಹಾಕ್ತೀಯೋ ಇಲ್ಲೋ?"