ಎರೆಭೂಮಿಯ ಒಕ್ಕಲುಮಗ: ಬಾಳುವೆ ಮತ್ತು ಬಲಿದಾನ

ಕನ್ನಡ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಕಾಯ್ದು ಮಡಿದವರಿಗೆ, ಊರಿನ ರಕ್ಷಣೆಗಾಗಿ ಹೋರಾಡಿ ಬಿದ್ದವರಿಗೆ ನಮ್ಮ ಪೂರ್ವಿಕರು ನಿಲ್ಲಿಸಿದ ಕಲ್ಲುಗಳವು. ನವಲಗುಂದದಲ್ಲಿ ವೀರಗಲ್ಲೆಂದೇ ಕರೆಯಲಾಗುವ ಒಂದು ಸ್ಮಾರಕಕ್ಕೆ ಪ್ರತಿವರ್ಷ ಜುಲೈ 21ರಂದು ರೈತರು ಮಾಲೆ ಅರ್ಪಿಸುತ್ತಾರೆ. ಅದು ಕತ್ತಿ ಹಿಡಿದ ಯೋಧನದಲ್ಲ; ಅಳಗವಾಡಿಯ ರೈತ ಬಸಪ್ಪ ಲಕ್ಕುಂಡಿಯವರದು. 1980ರ ಆ ದಿನ ಅವರು ಪೊಲೀಸರ ಗುಂಡಿಗೆ ಬಲಿಯಾದರು. ಸಾವಿನ ದಿನಾಂಕವನ್ನು ನಾಡು ನೆನಪಿಟ್ಟಿದೆ. ಆ ಸಾವಿನ ಹಿಂದಿದ್ದ ಬಾಳುವೆಯನ್ನೂ ನೆನೆಯುವುದು ಅನ್ನ ಉಣ್ಣುವ ನಮ್ಮೆಲ್ಲರ ಕರ್ತವ್ಯವಾಗಿದೆ.

ನವಲಗುಂದ, ಅಣ್ಣಿಗೇರಿ, ನರಗುಂದಗಳ ಸೀಮೆ ಕಪ್ಪು ಎರೆಮಣ್ಣಿನದು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ, ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಹೂಳುವ ಭೂಮಿ. ಬಾವಿ ತೋಡಿದರೆ ಬಹುತೇಕ ಸವಳು ನೀರು. ಆದ್ದರಿಂದ ಕುಡಿಯಲು ಊರ ಕೆರೆಯೇ ಗತಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬೆ, ಹತ್ತಿ. ಮಳೆ ಬಂದರೆ ಬೆಳೆ, ಹೋದರೆ ಬರ. ಕಾರಹುಣ್ಣಿಮೆಗೆ ಎತ್ತುಗಳ ಶೃಂಗಾರ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಬಸವಣ್ಣನ ಪೂಜೆ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ. ರಾಶಿಯ ದಿನ ಕಣದಲ್ಲಿಯೇ ಆಯಗಾರರಿಗೆ, ಜಂಗಮರಿಗೆ, ಬೇಡಿ ಬಂದವರಿಗೆ ಕಾಳು ಅಳೆದುಕೊಟ್ಟು, ಉಳಿದದ್ದು ಹಗೇವಿಗೆ. ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗವಿಡುತ್ತಿರಲಿಲ್ಲ. ದುಡಿಯುವ ಮೂಕಪ್ರಾಣಿಗೆ ವಾರಕ್ಕೊಂದು ದಿನ ಬಿಡುವು ಕೊಡಬೇಕೆಂಬ ವಿವೇಕ ಅಕ್ಷರ ಕಲಿಯದ ಒಕ್ಕಲುಮಗನಲ್ಲಿಯೂ ಇತ್ತು.

ಈ ಬಾಳುವೆಗೆ 1970ರ ದಶಕದಲ್ಲಿ ಹೊಸ ತಿರುವು ಬಂದಿತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಲಾಯಿತು. ಎರೆಹೊಲಗಳಿಗೆ ಕಾಲುವೆ ಬಂದಿತು. ಧಾರವಾಡದಲ್ಲಿಯೇ ರೂಪುಗೊಂಡು 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿ ಒಳ್ಳೆಯ ಆದಾಯದ ಆಸೆ ಹುಟ್ಟಿಸಿತು. ಆದರೆ ಹೊಸ ಬೆಳೆಗೆ ಬೀಜ, ಗೊಬ್ಬರ, ಕ್ರಿಮಿನಾಶಕ ಎಲ್ಲವನ್ನೂ ಕೊಂಡೇ ತರಬೇಕು. ಅದಕ್ಕೆ ಸಾಲ ಮಾಡಬೇಕು. ಸಾಲ ಬೆಳೆದ ಕಾಲಕ್ಕೇ ಹತ್ತಿಯ ಬೆಲೆ ಕುಸಿಯಿತು. ನೀರು ನಿಂತ ಕಡೆ ಎರೆಮಣ್ಣು ಜೌಗಾಗಿ ಸವಳೇರಿತು. ಇದರ ಮೇಲೆ ಬಂದದ್ದು ಅಭಿವೃದ್ಧಿ ಕರ. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ, ಆ ಏರಿಕೆಯಲ್ಲಿ ಸರಕಾರಕ್ಕೆ ಪಾಲು ಸಲ್ಲಬೇಕು ಎಂಬುದು ಅದರ ತರ್ಕ. ನೀರೇ ಸರಿಯಾಗಿ ತಲುಪದ ಹೊಲಕ್ಕೂ ಕರವೇಕೆ ಎಂಬುದು ರೈತರ ಪ್ರಶ್ನೆ. ಮಳೆಗೆ ಅಂಜಿ ಬದುಕಿದ್ದವನು ಈಗ ವಸೂಲಿಯ ನೋಟೀಸಿಗೆ ಅಂಜಬೇಕಾಯಿತು.

1980ರ ಜುಲೈ 21, ಸೋಮವಾರ. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಹತ್ತು ದಿನವೂ ಆಗಿರಲಿಲ್ಲ. ಎತ್ತುಗಳಿಗೆ ಬಿಡುವಿನ ಆ ದಿನ, ಒಕ್ಕಲುಮಕ್ಕಳು ಸರಕಾರಿ ಕಚೇರಿಗಳ ಮುಂದೆ ಸೇರಿದ್ದರು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿಯವರು, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಅವರು ಗುಂಡೇಟಿಗೆ ಸಿಕ್ಕು ಅಸುನೀಗಿದರು. ನರಗುಂದದಲ್ಲಿ ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಇದನ್ನು ಮರೆಮಾಚುವುದು ಸತ್ಯಕ್ಕೆ ಮಾಡುವ ಅಪಚಾರ. ಅವರೂ ಯಾರದೋ ಮನೆಯ ಮಕ್ಕಳೇ. ಕೂಗನ್ನು ಕಾಲದಲ್ಲಿ ಕೇಳಿಸಿಕೊಳ್ಳದಿದ್ದರೆ ಎರಡು ಕಡೆಯ ಬಡವರೇ ಸಾಯುತ್ತಾರೆ.

ಈ ಬಲಿದಾನದ ಬಿಸಿ ನಾಡಿಗೆಲ್ಲ ತಟ್ಟಿತು. ಗುಂಡೂರಾಯರ ಸರಕಾರ ರೈತರಿಗೆ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1983ರಲ್ಲಿ ಸರಕಾರವೇ ಬದಲಾಯಿತು. 1997ರಲ್ಲಿ ನರಗುಂದ ಗದಗ ಜಿಲ್ಲೆಗೆ ಸೇರಿತಾದರೂ ಜುಲೈ 21 ಎರಡೂ ಊರುಗಳನ್ನು ಒಂದೇ ನೆನಪಿನಲ್ಲಿ ಕಟ್ಟಿಟ್ಟಿದೆ.

ಹನ್ನೆರಡನೆಯ ಶತಮಾನದ ಶರಣ ಒಕ್ಕಲಿಗ ಮುದ್ದಣ್ಣನವರಿಗೆ ಬೇಸಾಯವೇ ಕಾಯಕವಾಗಿತ್ತು. ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸುವ ಕೈ ತನ್ನ ಮನೆಯ ಹಗೇವು ಬರಿದಾಗುವುದನ್ನು ನೋಡಿಯೂ ಸುಮ್ಮನಿರಬೇಕೆಂದು ಯಾವ ಶರಣರೂ ಹೇಳಲಿಲ್ಲ. ಮಠದ ಪಂಕ್ತಿಯಲ್ಲಿ ಜೋಳದ ರೊಟ್ಟಿ ಮುರಿಯುವಾಗ ಅದು ಯಾವ ಕಣದಿಂದ ಬಂದಿತು, ಬೆಳೆದವನ ಮನೆಯಲ್ಲಿ ಇಂದು ಒಲೆ ಹೊತ್ತಿದೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ. ನವಲಗುಂದದ ದಾರಿಯಲ್ಲಿ ಹೋಗುವ ಭಕ್ತರು ಮಕ್ಕಳನ್ನು ಕರೆದೊಯ್ದು ಆ ವೀರಗಲ್ಲನ್ನು ತೋರಿಸಲಿ. ಬಸಪ್ಪನವರು ಹೇಗೆ ಸತ್ತರೆಂಬುದರ ಜೊತೆಗೆ ಅವರಂಥವರು ಹೇಗೆ ಬಾಳಿದರೆಂಬುದನ್ನೂ ಹೇಳಲಿ.